ಕೂಸು ಆಡಿಸಿದ್ದಕ್ಕೆ ಎಷ್ಟು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ದುಡಿಮೆಗೆ ‘ದಗದ’ ಎನ್ನುತ್ತಾರೆ. ಹೊಲದ ದಗದ, ಮಗ್ಗದ ದಗದ, ಗೌಂಡಿ ದಗದ. ಕೂಸನ್ನು ದಿನವಿಡೀ ನೋಡಿಕೊಳ್ಳುವುದಕ್ಕೆ ಮಾತ್ರ ಈ ಮಾತು ಅಂಟುವುದಿಲ್ಲ. ಅದು ‘ಕೂಸ ಆಡಸೂದು’. ಆಟಕ್ಕೆ ಪಗಾರ ಕೇಳುವುದು ಹೇಗೆ? ತೊಡಕು ಹುಟ್ಟುವುದು ಈ ಒಂದು ಪದದಿಂದಲೇ.

ಮಾತುಕತೆ ಸಾಮಾನ್ಯವಾಗಿ ಹೀಗೆ ಶುರುವಾಗುತ್ತದೆ. ಹೆರಿಗೆ ರಜೆ ಮುಗಿಸಿ ನೌಕರಿಗೆ ಮರಳಬೇಕಾದ ತಾಯಿ ಪಕ್ಕದ ಓಣಿಯ ಹೆಣ್ಣುಮಗಳ ಬಾಗಿಲಿಗೆ ಬರುತ್ತಾಳೆ.

“ಅಕ್ಕಾರ, ಮುಂಜಾನೆಯಿಂದ ಸಂಜಿ ತನಕ ಕೂಸಿನ್ನ ನೋಡ್ಕೋತೀರೇನ್ರಿ? ಎಷ್ಟ ಕೊಡಬೇಕ ಹೇಳ್ರಿ.”

“ಅಯ್ಯ, ನಮ್ಮ ಮನಿ ಕೂಸ ಇದ್ದಂಗ ಐತಿ. ನಿನಗ ತಿಳದಷ್ಟ ಕೊಡವಾ.”

ಇಬ್ಬರೂ ನಗುತ್ತಾರೆ, ಚಹಾ ಕುಡಿಯುತ್ತಾರೆ. ತಾಯಿಗೆ ತಿಳಿದದ್ದು ಸಾವಿರ ರೂಪಾಯಿ. ಅಕ್ಕನಿಗೆ ತಿಳಿದದ್ದು ಎರಡೂವರೆ ಸಾವಿರ. ಮೊದಲ ತಿಂಗಳು ಲಕೋಟೆ ತೆರೆದಾಗ ಅಕ್ಕ ಏನೂ ಹೇಳುವುದಿಲ್ಲ. ಮೂರನೆಯ ತಿಂಗಳು ‘ನನಗ ಸೊಂಟ ನೋವು’ ಎಂದು ಕೂಸನ್ನು ಬಿಡಿಸುತ್ತಾಳೆ. ತಾಯಿಗೆ ಕಾರಣ ಗೊತ್ತಾಗುವುದೇ ಇಲ್ಲ. ಇಲ್ಲಿ ಇಬ್ಬರಲ್ಲಿ ಯಾರೂ ಆಸೆಬುರುಕರಲ್ಲ, ಲೆಕ್ಕ ಎಲ್ಲಿಂದ ಶುರು ಮಾಡಬೇಕೆಂದು ಗೊತ್ತಿರಲಿಲ್ಲ, ಅಷ್ಟೇ.

ಹಾಗೆ ನೋಡಿದರೆ ಈ ಸೀಮೆಯಲ್ಲಿ ಕೂಸಿನ ಕೆಲಸಕ್ಕೆ ರೊಕ್ಕ ಕೊಡುವುದು ಹೊಸದೇನಲ್ಲ. ಬಾಣಂತಿಗೆ, ಕೂಸಿಗೆ ಎರೆಯಲು ಬರುವ ಹೆಂಗಸಿಗೆ ರೊಕ್ಕ, ಕಾಳು, ಕೊನೆಯ ದಿನ ಸೀರೆ ಕೊಡುವ ರೂಢಿ ಹಳೆಯದು. ಆಕೆ ಬೇರೆಯವರ ಮನೆಗೆ ನಡೆದು ಬಂದು ಕೆಲಸ ಮುಗಿಸಿ ಹೋಗುತ್ತಾಳೆ, ಹಾಗಾಗಿ ಅದು ಕೆಲಸವೆಂದು ಕಣ್ಣಿಗೆ ಕಾಣುತ್ತದೆ. ತನ್ನದೇ ಮನೆಯಲ್ಲಿ ಕುಳಿತು ನೋಡಿಕೊಳ್ಳುವವಳದ್ದು ಕಾಣುವುದಿಲ್ಲ. ‘ಹೆಂಗೂ ಮನ್ಯಾಗ ಇರತಾಳಲ್ಲ’ ಎಂಬ ಮಾತು ಬರುವುದು ಇದರಿಂದಲೇ.

ಈ ಮಾತಿಗೆ ಉತ್ತರ ಸಿಕ್ಕರೆ ದರದ ಅರ್ಧ ಲೆಕ್ಕ ಮುಗಿದಂತೆ. ಮನೆಯಲ್ಲಿ ಇರುವುದು ಬೇರೆ, ಮನೆ ಬಿಟ್ಟು ಏಳಲಾರದೆ ಇರುವುದು ಬೇರೆ. ತೆವಳುವ ಕೂಸು ಎದುರಿಗಿದ್ದರೆ ಹಿಟ್ಟಿನ ಗಿರಣಿಗೆ ಹೋಗುವಂತಿಲ್ಲ, ಬ್ಯಾಂಕಿನ ಸಾಲಿನಲ್ಲಿ ನಿಲ್ಲುವಂತಿಲ್ಲ. ಬೈಲಹೊಂಗಲದ ಹೆಣ್ಣುಮಗಳ ಹೊಲಿಗೆ ಯಂತ್ರದ ಮೇಲೆ ಅರಿವೆ ಮುಚ್ಚಿರುತ್ತದೆ. ರಾಮದುರ್ಗದ ನೇಕಾರರ ಮನೆಯಾಕೆಯ ಕಂಡಿಕೆ ಸುತ್ತುವುದು ನಿಲ್ಲುತ್ತದೆ. ಮಗ್ಗದ ಹತ್ತಿರ ಕೂಸನ್ನು ಬಿಡುವಂತೆಯೂ ಇಲ್ಲ. ಸವದತ್ತಿಯಾಕೆ ಹುಣ್ಣಿಮೆಯ ಜನ ದೇವಿಯ ಗುಡ್ಡಕ್ಕೆ ಬಂದಾಗ ಹೂವು ಕಾಯಿ ಮಾರಲು ಹೋಗುತ್ತಿದ್ದರೆ ಅದೂ ತಪ್ಪುತ್ತದೆ. ಆದ್ದರಿಂದ ಮೊದಲ ಪ್ರಶ್ನೆ ‘ಈ ಕೂಸಿಗೆ ಎಷ್ಟು’ ಎಂಬುದಲ್ಲ, ‘ನನ್ನ ಒಂದು ದಿನಕ್ಕೆ ಎಷ್ಟು’ ಎಂಬುದು. ಆ ದಿನದ ಬೆಲೆಯನ್ನು ಎಷ್ಟು ಕೂಸುಗಳು ಹಂಚಿಕೊಳ್ಳುತ್ತವೆ ಎಂಬುದು ಆಮೇಲಿನ ಪ್ರಶ್ನೆ.

ದಿನದ ಬೆಲೆಗೆ ಒಂದು ಗಟ್ಟಿ ಅಳತೆಗೋಲು ನಮ್ಮ ಕಾನೂನಿನಲ್ಲೇ ಸಿಗುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಒಂದು ಸಾಲು ಇತ್ತು. ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಐದು ಅಥವಾ ಹೆಚ್ಚು ಪುಟ್ಟ ಮಕ್ಕಳು ಬಂದರೆ, ಆ ಹೆಂಗಸರಲ್ಲೇ ಒಬ್ಬಳನ್ನು ಮಕ್ಕಳನ್ನು ನೋಡಿಕೊಳ್ಳಲು ನೇಮಿಸಬೇಕು, ಅವಳಿಗೂ ಕೂಲಿ ಕೊಡಬೇಕು ಎಂದು. ಕೆರೆಯ ಹೂಳೆತ್ತುವುದೂ ಐದು ಮಕ್ಕಳನ್ನು ಕಾಯುವುದೂ ಒಂದೇ ತೂಕದ ದುಡಿಮೆ ಎಂದು ಸರಕಾರವೇ ಬರೆದುಕೊಟ್ಟ ಹಾಗಾಯಿತು. 2025–26ರ ಸಾಲಿಗೆ ಕರ್ನಾಟಕದಲ್ಲಿ ಆ ದಿನಗೂಲಿ 370 ರೂಪಾಯಿ ಇತ್ತು. ಐದರಿಂದ ಭಾಗಿಸಿದರೆ ಕೂಸಿಗೆ ದಿನಕ್ಕೆ 74. ತಿಂಗಳಿಗೆ 26 ದಿನವೆಂದರೆ 1,924 ರೂಪಾಯಿ.

ಆದರೆ ಐದು ಕೂಸುಗಳನ್ನು ಒಬ್ಬಳೇ ಒಂದು ಮನೆಯಲ್ಲಿ ನೋಡಿಕೊಳ್ಳುವುದನ್ನು ನಾನು ಯಾರಿಗೂ ಹೇಳಲಾರೆ. ಮರದ ನೆರಳಲ್ಲಿ ಎದುರಿಗೇ ತಾಯಂದಿರು ಇರುವ ಜಾಗ ಬೇರೆ, ಒಲೆ, ನೀರಿನ ತೊಟ್ಟಿ, ಮೆಟ್ಟಿಲು ಇರುವ ಮನೆ ಬೇರೆ. ಮನೆಯಲ್ಲೇ ಕೂಸು ನೋಡಿಕೊಳ್ಳುವವರ ಬಗ್ಗೆ ಬಹುಕಾಲದಿಂದ ನಿಯಮ ಮಾಡಿಕೊಂಡಿರುವ ದೇಶ ಫ್ರಾನ್ಸ್. ಅಲ್ಲಿ ಪರವಾನಗಿ ಪಡೆದ ಹೆಂಗಸು ತನ್ನ ಮನೆಯಲ್ಲಿ ಸಾಮಾನ್ಯವಾಗಿ ನಾಲ್ಕು ಮಕ್ಕಳವರೆಗೆ ಇಟ್ಟುಕೊಳ್ಳಬಹುದು. ಒಂದು ಕೂಸಿಗೆ ಒಂದು ತಾಸಿಗೆ ಕೊಡಬೇಕಾದ ಕನಿಷ್ಠ ದರವನ್ನು ಅವರು ದೇಶದ ಕನಿಷ್ಠ ಕೂಲಿಗೇ ಕಟ್ಟಿಹಾಕಿದ್ದಾರೆ. ಅದು ಆ ಕೂಲಿಯ 0.281 ಪಾಲು. ಅಂದರೆ ಮೂರೂವರೆ ಕೂಸಿಗೆ ಒಂದು ಪೂರ್ತಿ ಕೂಲಿ. ಕೂಲಿ ಏರಿದರೆ ಕೂಸಿನ ದರವೂ ತಾನಾಗಿ ಏರುತ್ತದೆ, ಯಾರೂ ಯಾರ ಮುಖ ನೋಡಬೇಕಿಲ್ಲ.

ಅದೇ ಪಾಲನ್ನು ನಮ್ಮ 370ಕ್ಕೆ ಹಚ್ಚಿದರೆ ದಿನಕ್ಕೆ 104 ರೂಪಾಯಿ, ತಿಂಗಳಿಗೆ ಸುಮಾರು 2,700. ದಿನವೆಂದರೆ ಎಂಟು ತಾಸು ಎಂದಿಟ್ಟುಕೊಂಡರೆ ತಾಸಿಗೆ 13 ರೂಪಾಯಿ. ಹೀಗೆ ಎರಡು ಗೆರೆ ಸಿಕ್ಕವು. ಕೆಳಗಿನದು 1,900ರ ಆಸುಪಾಸು, ಮೇಲಿನದು 2,700. ಬೈಲಹೊಂಗಲದಲ್ಲೇ ನೌಕರಿ ಮಾಡುವ ತಾಯಿಯ ಎಂಟು ತಾಸಿನ ಕೂಸಿಗೆ ಈ ಎರಡು ಗೆರೆಗಳ ನಡುವೆ ಎಲ್ಲಿ ನಿಂತರೂ ಅನ್ಯಾಯವಿಲ್ಲ. ಕಿತ್ತೂರಿನಿಂದ ದಿನಾಲೂ ಧಾರವಾಡಕ್ಕೋ ಬೆಳಗಾವಿಗೋ ಬಸ್ ಹಿಡಿಯುವ ತಾಯಿಯದು ಹನ್ನೊಂದು ತಾಸು. ತಾಸಿಗೆ 13ರಂತೆ 143, ತಿಂಗಳಿಗೆ 3,700 ದಾಟುತ್ತದೆ. ಕೇಳಿದ ಕೂಡಲೇ ಹುಬ್ಬೇರುವ ಮೊತ್ತ ಇದು. ಆದರೆ ಹನ್ನೊಂದು ತಾಸು ಎಂದರೆ ನೋಡಿಕೊಳ್ಳುವವಳ ಹಗಲು ಪೂರ್ತಿ ಹೋಯಿತು. ಅಷ್ಟು ಹೊತ್ತಿನ ಮೂರು ಕೂಸುಗಳನ್ನು ಅವಳು ಇಟ್ಟುಕೊಳ್ಳಲಾರಳು.

ಎಷ್ಟು ಕೂಸು ಎಂಬುದು ದರಕ್ಕಿಂತ ಮೊದಲು ತೀರ್ಮಾನವಾಗಬೇಕು. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ ಇರುವ ಮಿತಿ ಸರಳವಾಗಿದೆ. ಎಂಟು ವರ್ಷದೊಳಗಿನವರು ಒಟ್ಟು ಆರು, ಅವರಲ್ಲಿ ಐದರೊಳಗಿನ ಪುಟ್ಟವರು ಮೂವರು, ವರ್ಷ ತುಂಬದ್ದು ಸಾಮಾನ್ಯವಾಗಿ ಒಂದೇ. ಅವಳ ಸ್ವಂತ ಮಕ್ಕಳೂ ಈ ಲೆಕ್ಕದಲ್ಲೇ ಬರುತ್ತಾರೆ. ಈ ಕೊನೆಯದನ್ನು ನಮ್ಮವರು ಮರೆಯುತ್ತಾರೆ. ಸ್ವಂತದ್ದು ಎರಡಿದ್ದು ಮತ್ತೆ ಮೂರು ಕೂಸು ತಂದುಕೊಂಡರೆ ದರ ಕಡಿಮೆ ಮಾಡಬಹುದು ನಿಜ, ಆದರೆ ಆ ಅಗ್ಗದ ಖರ್ಚು ಕೂಸಿನ ಮೇಲೆ ಬೀಳುತ್ತದೆ. ತೊಟ್ಟಿಲಲ್ಲಿರುವ ಕೂಸಿಗೆ ಒಂದೂವರೆ ಪಟ್ಟು ದರ ಕೇಳುವುದು ನ್ಯಾಯವೇ. ಅದು ಒಬ್ಬರ ಜಾಗವನ್ನಷ್ಟೇ ತುಂಬುವುದಿಲ್ಲ, ಎರಡೂ ಕೈ ತುಂಬುತ್ತದೆ.

‘ಸರಕಾರದ್ದ ಅಗ್ಗ ಐತಲ್ಲ’ ಎಂಬ ವಾದ ಬಂದೇ ಬರುತ್ತದೆ. 2017ರ ರಾಷ್ಟ್ರೀಯ ಶಿಶುಪಾಲನಾ ಯೋಜನೆಯಲ್ಲಿ ಬಡ ಕುಟುಂಬಕ್ಕೆ ತಿಂಗಳಿಗೆ 20 ರೂಪಾಯಿ, ಉಳಿದವರಿಗೆ 100 ಇಲ್ಲವೇ 200 ಎಂದು ಗೊತ್ತುಮಾಡಿದ್ದರು. 25 ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅದು ದರವಲ್ಲ, ಕಾಣಿಕೆ. ನಿಜವಾದ ಖರ್ಚು ಖಜಾನೆಯಿಂದ ಹೋಗುತ್ತಿತ್ತು. ಅದರ ಜೊತೆ ನಿಮ್ಮ ಮನೆಯನ್ನು ಹೋಲಿಸಿದರೆ ಖಜಾನೆಯ ಪಾಲನ್ನು ನೀವು ಕೈಯಿಂದ ಹಾಕಿದಂತೆ. ಹೋಲಿಸಲೇಬೇಕೆಂದರೆ ಮನೆಗೆಲಸದವರ ಕನಿಷ್ಠ ವೇತನಕ್ಕೆ ಹೋಲಿಸಿ. ಅದನ್ನು ನಿಗದಿ ಮಾಡಿದವರಲ್ಲಿ ಕರ್ನಾಟಕವೇ ಮುಂದಿತ್ತು, 2004ರಲ್ಲೇ. ಸ್ವಂತ ಮನೆಯಲ್ಲಿ ಕೂಸು ನೋಡಿಕೊಳ್ಳುವವಳಿಗೆ ಆ ಆದೇಶ ನೇರವಾಗಿ ತಾಗದಿದ್ದರೂ, ತಾಯಿಯ ಮನೆಗೇ ಹೋಗಿ ಅದೇ ಕೆಲಸ ಮಾಡಿದ್ದರೆ ಎಷ್ಟು ಸಿಗುತ್ತಿತ್ತು ಎಂದು ಕೇಳಿಕೊಳ್ಳಬಹುದು.

ಇನ್ನು ಹಾಲು, ಊಟ, ಅರಿವೆಯ ಮಾತು. ಇವನ್ನು ದರದೊಳಗೆ ಬೆರೆಸಬೇಡಿ. ಫ್ರಾನ್ಸಿನವರೂ ಊಟದ ಖರ್ಚು ಬೇರೆ, ಮನೆ ಸವೆತದ ಖರ್ಚು ಬೇರೆ ಬರೆಯುತ್ತಾರೆ. ಬೆರೆಸಿದರೆ ಹಾಲಿನ ರೇಟು ಏರಿದ ತಿಂಗಳು ನಿಮ್ಮ ಪಗಾರವೇ ಕಡಿಮೆಯಾಗುತ್ತದೆ. ತಾಯಿ ಬುತ್ತಿ ಕಳಿಸಿದರೆ ಈ ಖಾತೆ ಖಾಲಿ. ನಿಮ್ಮ ಮನೆಯ ನುಚ್ಚು–ಮಜ್ಜಿಗೆ, ಹಾಲಲ್ಲಿ ನೆನೆಸಿದ ರೊಟ್ಟಿ ತಿಂದರೆ ದಿನಕ್ಕೆ ಇಷ್ಟೆಂದು ಬರೆದಿಡಿ. ಅಳುವ ಕೂಸಿಗೆ ಕೊಟ್ಟ ಒಂದು ಬಿಸ್ಕೀಟನ್ನು ಮಾತ್ರ ವಹಿಗೆ ಏರಿಸಬೇಡಿ. ಅಷ್ಟು ಸಣ್ಣ ಲೆಕ್ಕ ಬರೆದರೆ ದೊಡ್ಡ ಲೆಕ್ಕದ ಮರ್ಯಾದೆ ಹೋಗುತ್ತದೆ.

ಜಗಳ ನಿಜವಾಗಿ ಹತ್ತುವುದು ದರದ ಮೇಲಲ್ಲ, ಸಂಜೆಯ ಮೇಲೆ. ಬಸ್ ತಡವಾಯಿತು, ಮೀಟಿಂಗ್ ಮುಗಿಯಲಿಲ್ಲ, ಹಾಗೇ ಸಂತೆ ಮಾಡಿಕೊಂಡು ಬಂದೆ. ದಂಡ ಹಾಕಿದರೆ ಸರಿಹೋಗುತ್ತದೆ ಎನಿಸುತ್ತದೆ. ಇಸ್ರೇಲಿನ ಹೈಫಾ ಊರಿನ ಹತ್ತು ಶಿಶುಮನೆಗಳಲ್ಲಿ ನೀಜಿ ಮತ್ತು ರುಸ್ಟಿಕಿನಿ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ತಡವಾಗಿ ಬರುವ ಪಾಲಕರಿಗೆ ಕೆಲವು ಕಡೆ ಸಣ್ಣ ದಂಡ ಹಾಕಿದಾಗ ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡು ಪಟ್ಟಾದರು. ಮೊದಲು ತಡವಾದರೆ ಮುಜುಗರವಿತ್ತು. ದಂಡ ಕಟ್ಟಿದ ಮೇಲೆ ಅದು ಕೊಂಡ ಹೊತ್ತಾಯಿತು. ದಂಡ ತೆಗೆದ ಮೇಲೂ ಹಳೆಯ ಮುಜುಗರ ಮರಳಿ ಬರಲಿಲ್ಲ.

ನಮ್ಮ ಊರುಗಳಿಗೆ ಇದರಿಂದ ತೆಗೆದುಕೊಳ್ಳಬೇಕಾದ್ದು ಇಷ್ಟು. ಹತ್ತಿಪ್ಪತ್ತು ರೂಪಾಯಿಯ ದಂಡ ಹಾಕುವುದಕ್ಕಿಂತ ಹಾಕದಿರುವುದು ಲೇಸು. ಒಂದೋ ಅಪರೂಪದ ತಡವನ್ನು ಲೆಕ್ಕವಿಲ್ಲದೆ ಬಿಟ್ಟುಬಿಡಿ, ಮುಜುಗರ ತನ್ನ ಕೆಲಸ ಮಾಡುತ್ತದೆ. ಇಲ್ಲವೇ ತಡ ದಿನಾಲೂ ಆಗುತ್ತಿದ್ದರೆ ಅದನ್ನು ತಡ ಎನ್ನದೆ ಒಂದು ತಾಸು ಹೆಚ್ಚಿನ ಕೆಲಸ ಎಂದು ಕರೆದು ತಿಂಗಳ ದರವನ್ನೇ ಏರಿಸಿ. ಸಾರಿಗೆ ಸಂಸ್ಥೆಯ ಕಂಡಕ್ಟರ್, ನರ್ಸ್ ಇಂಥ ಪಾಳಿಯ ನೌಕರಿಯವರ ಹತ್ತಿರ ಮೊದಲೇ ತಾಸಿನ ಲೆಕ್ಕದಲ್ಲಿ ಮಾತಾಡುವುದು ಒಳ್ಳೆಯದು.

ರಜೆಯದೂ ಇದೇ ಕಥೆ. ನಾಗರ ಪಂಚಮಿಗೆ ತಾಯಿ ಕೂಸು ಕರೆದುಕೊಂಡು ನಾಲ್ಕು ದಿನ ತವರಿಗೆ ಹೋದಳು, ಆ ನಾಲ್ಕು ದಿನ ಮುರಿಯಬೇಕೇ? ಮುರಿಯಬಾರದು. ಕೂಸು ಹೋಗಿರಬಹುದು, ಅದರ ಜಾಗ ಅಲ್ಲೇ ಇದೆ, ಬೇರೆ ಕೂಸನ್ನು ನಾಲ್ಕು ದಿನಕ್ಕೆ ತರಲಾಗದು. ನೋಡಿಕೊಳ್ಳುವವಳೇ ಪಂಚಮಿಗೆ ತವರಿಗೆ ಹೋದರೆ ಮುರಿಯುವುದು ನ್ಯಾಯ. ವರ್ಷಕ್ಕೆ ಎಂಟೋ ಹತ್ತೋ ದಿನ ಪಗಾರಿ ರಜೆ ಎಂದು ಮೊದಲೇ ಒಪ್ಪಿಕೊಂಡರೆ ಇಬ್ಬರಿಗೂ ಹಗುರ.

ಇಷ್ಟೆಲ್ಲ ಲೆಕ್ಕ ನೆಟ್ಟಗೆ ನಿಲ್ಲುವುದು ತಾಯಿಗೆ ತಿಂಗಳ ಪಗಾರ ಇದ್ದಾಗ. ಹತ್ತಿ ಬಿಡಿಸಲು ಹೋಗುವವಳ ಹತ್ತಿರ ಇದು ಮುರಿದು ಬೀಳುತ್ತದೆ. ಅವಳಿಗೆ ಕೂಲಿ ಕಿಲೋ ಲೆಕ್ಕದಲ್ಲಿ. ಕೂಸು ಕಂಕುಳಲ್ಲಿದ್ದರೆ ಹತ್ತಿ ಕಡಿಮೆ, ಬೇವಿನ ಗಿಡಕ್ಕೆ ಸೀರೆಯ ಜೋಳಿಗೆ ಕಟ್ಟಿ ಮಲಗಿಸಿದರೆ ಜೀವ ಅತ್ತಲೇ. ದಿನಕ್ಕೆ 300 ತಂದಳೆಂದರೂ ಎರಡು ಕೂಸುಗಳಿಗೆ 150–200 ಕೊಟ್ಟು ಅವಳಿಗೆ ಉಳಿಯುವುದೇನು? ಹಾಗಾಗಿ ಎರಡನೆಯ ತರಗತಿಯ ಅಕ್ಕ ಶಾಲೆ ಬಿಟ್ಟು ತಮ್ಮನನ್ನು ಆಡಿಸುತ್ತಾಳೆ. ದರವೇ ಇಲ್ಲದ ಅಗ್ಗದ ಆರೈಕೆ ಎಂದರೆ ಇದು. ಇಲ್ಲಿ ಓಣಿಯ ಅಕ್ಕ ದರ ಇಳಿಸಿದರೆ ಸಾಲದು, ಒಬ್ಬ ಬಡವಿಯ ಭಾರ ಇನ್ನೊಬ್ಬ ಬಡವಿಯ ತಲೆಗೆ ಹೋಗುತ್ತದೆ ಅಷ್ಟೇ. ಸಾರ್ವಜನಿಕ ಹಣವೇ ಬರಬೇಕಾದ ಜಾಗ ಅದು. 2023–24ರ ಬಜೆಟ್ಟಿನಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿದ್ದು ಇಂಥ ತಾಯಂದಿರಿಗಾಗಿಯೇ. ನಿಮ್ಮ ಪಂಚಾಯಿತಿಯಲ್ಲಿ ಅದು ಇದೆಯೇ ಎಂದು ಮೊದಲು ಕೇಳಿ. ಇದ್ದರೆ ಅಲ್ಲಿ ಕೂಸು ನೋಡಿಕೊಳ್ಳುವ ಕೆಲಸ ನಿಮ್ಮಂಥವರಿಗೂ ಸಿಗಬಹುದು.

ಒಂದೇ ಓಣಿಯಲ್ಲಿ ಇಬ್ಬರು ಮೂವರು ಕೂಸು ಇಟ್ಟುಕೊಳ್ಳುವವರಿದ್ದರೆ ದರವನ್ನು ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಮಾತಾಡಿ ಗೊತ್ತುಮಾಡುವುದು ಜಾಣತನ. ಆಗ ‘ಆಕಿ ಎಂಟನೂರಕ್ಕ ನೋಡ್ಕೋತಾಳ’ ಎಂಬ ಮಾತು ನಿಲ್ಲುತ್ತದೆ. ಬಾಯಿ ಬಿಟ್ಟು ರೊಕ್ಕ ಕೇಳಲಾಗದವಳಿಗೂ ‘ಸಂಘದಾಗ ಹಿಂಗ ಠರಾವ ಆಗೇತ್ರಿ’ ಎಂದು ಹೇಳಲು ಒಂದು ಆಸರೆ ಸಿಗುತ್ತದೆ.

ಮೂರು ತುಂಬಿದ ಕೂಸು ಅಂಗನವಾಡಿಗೆ ಹೋಗತೊಡಗುತ್ತದೆ. ಸಂಜೆ ಅಂಗನವಾಡಿ ಬಿಟ್ಟ ಮೇಲೆ ತಾಯಿ ಬರುವವರೆಗೆ ಎರಡು ತಾಸು ಉಳಿಯುತ್ತದೆ. ತಾಸಿನ ಲೆಕ್ಕ ಹಿಡಿದರೆ ದರ ಕಾಲು ಭಾಗಕ್ಕೆ ಇಳಿಯಬೇಕು. ಆದರೆ ಕರೆತರಲು ಹೋಗುವವಳು ನೀವೇ ಆಗಿದ್ದರೆ, ಜ್ವರ ಬಂದ ದಿನ ಅಂಗನವಾಡಿಯವರು ಹೇಳಿ ಕಳಿಸುವುದು ನಿಮಗೇ ಆಗಿದ್ದರೆ, ಮಧ್ಯಾಹ್ನದ ಹೊತ್ತೂ ಪೂರ್ತಿ ನಿಮ್ಮದಾಗಿಲ್ಲ. ಅರ್ಧ ದರ ಕೇಳಿ. ವಹಿಯ ಜೂನ್ ತಿಂಗಳ ಪುಟದಲ್ಲಿ ಹಳೆಯ ಮೊತ್ತಕ್ಕೆ ಗೆರೆ ಎಳೆದು ಹೊಸದನ್ನು ತಾಯಿಯ ಕೈಯಿಂದಲೇ ಬರೆಸಿ.