ಬೇಲೂರು ಮಠದಲ್ಲಿ ಯೇಸುವಿಗೆ ಕೇಕಿನ ನೈವೇದ್ಯ

ಬೇಲೂರು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಚೆನ್ನಕೇಶವನ ಗುಡಿ. ಹೌರಾದ ಬೇಲೂರು ಬೇರೆ. ಹೂಗ್ಲಿ ನದಿಯ ಪಶ್ಚಿಮ ದಡದಲ್ಲಿ ಸ್ವಾಮಿ ವಿವೇಕಾನಂದರು ಸ್ಥಾಪಿಸಿದ ರಾಮಕೃಷ್ಣ ಮಠ ಇರುವ ಊರಿದು. ರಾಷ್ಟ್ರಕವಿ ಕುವೆಂಪು ಅವರು ಸ್ವಾಮಿ ಶಿವಾನಂದರಿಂದ ದೀಕ್ಷೆ ಪಡೆದದ್ದೂ ಈ ಮಠದಲ್ಲಿಯೇ. ಇಲ್ಲಿ ಪ್ರತಿವರ್ಷ ಡಿಸೆಂಬರ್ 24ರ ಸಂಜೆ ಕ್ರಿಸ್‌ಮಸ್ ಆಚರಿಸಲಾಗುತ್ತದೆ ಎಂದರೆ ಊರಿನಿಂದ ಬಂದ ನೆಂಟರು ಹುಬ್ಬೇರಿಸುವುದುಂಟು.

ಅಂದು ಶ್ರೀರಾಮಕೃಷ್ಣರ ಮಂದಿರದಲ್ಲಿ ಸಂಧ್ಯಾರತಿ ಮುಗಿದ ಮೇಲೆ ಮೇರಿ ಮಾತೆ ಮತ್ತು ಬಾಲಯೇಸುವಿನ ಚಿತ್ರವನ್ನು ಹೂವು, ಮೇಣದ ಬತ್ತಿಗಳಿಂದ ಅಲಂಕರಿಸಿ ಪೂಜಿಸಲಾಗುತ್ತದೆ. ಕೇಕು, ಹಣ್ಣುಗಳ ನೈವೇದ್ಯವಾಗುತ್ತದೆ. ಕಾವಿ ತೊಟ್ಟ ಸನ್ಯಾಸಿಗಳು ಕ್ಯಾರಲ್ ಹಾಡುತ್ತಾರೆ, ಬೈಬಲ್‌ನಿಂದ ಯೇಸು ಜನನದ ಭಾಗ ಓದುತ್ತಾರೆ. ಪೂಜೆಯ ಕ್ರಮ ಮನೆಯದು, ತಿನಿಸು ಮಾತ್ರ ಅತಿಥಿಗೆ ಪ್ರಿಯವಾದದ್ದು. ಮಕ್ಕಳು ಕೇಕು ಕೇಳಿದರೆ ‘ಅದು ನಮ್ಮ ಹಬ್ಬವಲ್ಲ’ ಎಂದು ಅನುಮಾನಿಸುವ ಹೊರನಾಡ ಕನ್ನಡ ಮನೆಗಳವರು ಇದನ್ನೊಮ್ಮೆ ನೋಡಬೇಕು.

ಇದು ಇತ್ತೀಚಿನ ಫ್ಯಾಷನ್ನೂ ಅಲ್ಲ. 1886ರ ಆಗಸ್ಟ್ 16ರಂದು ರಾಮಕೃಷ್ಣರು ದೇಹ ಬಿಟ್ಟರು. ಯುವ ಶಿಷ್ಯರಿಗೆ ದಿಕ್ಕು ತೋಚದ ಕಾಲ. ಮನೆಗಳಲ್ಲಿ ವಾಪಸು ಬನ್ನಿ ಎಂಬ ಒತ್ತಾಯ. ಆ ಡಿಸೆಂಬರ್‌ನಲ್ಲಿ ಅವರು ತಮ್ಮಲ್ಲೊಬ್ಬರಾದ ಬಾಬುರಾಮರ ಊರು, ಹೂಗ್ಲಿ ಜಿಲ್ಲೆಯ ಆಂಟ್‌ಪುರಕ್ಕೆ ಹೋದರು. ಒಂದು ಚಳಿಯ ರಾತ್ರಿ ಧುನಿಯ ಸುತ್ತ ಕುಳಿತಾಗ ನರೇಂದ್ರರು ಯೇಸುವಿನ ತ್ಯಾಗದ ಕಥೆ ಹೇಳಿದರು. ಎಲ್ಲರೂ ಅಲ್ಲಿಯೇ ಸನ್ಯಾಸದ ಸಂಕಲ್ಪ ಮಾಡಿದರು. ಅದು ಕ್ರಿಸ್‌ಮಸ್ ಮುನ್ನಾದಿನ ಎಂದು ಅವರಿಗೆ ತಿಳಿದದ್ದು ಆಮೇಲೆ! ದೀಪಾಲಂಕಾರ ಇಲ್ಲ, ಕೇಕೂ ಇಲ್ಲ. ಉರಿಯುವ ಕಟ್ಟಿಗೆ, ಸುತ್ತ ಒಂದೇ ಮನಸ್ಸಿನ ಗೆಳೆಯರು.

ಸೇತುವೆ ದಾಟಿ ಕೋಲ್ಕತ್ತಕ್ಕೆ ಹೋದರೆ ಸಡಗರವೇ ಬೇರೆ. ಬಂಗಾಳಿಗಳಿಗೆ ಇದು ‘ಬಡೊದಿನ್’, ಅಂದರೆ ದೊಡ್ಡ ದಿನ. ಪಾರ್ಕ್ ಸ್ಟ್ರೀಟ್ ದೀಪಗಳಲ್ಲಿ ಮುಳುಗುತ್ತದೆ, ಬೋ ಬ್ಯಾರಕ್ಸ್‌ನಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳ ಸಂಭ್ರಮ. ನ್ಯೂ ಮಾರ್ಕೆಟ್‌ನಲ್ಲಿ 1902ರಲ್ಲಿ ಬಾಗ್ದಾದಿ ಯೆಹೂದಿ ಕುಟುಂಬ ಆರಂಭಿಸಿದ ನಹೂಮ್ಸ್ ಬೇಕರಿಯ ಮುಂದೆ ಪ್ಲಮ್ ಕೇಕಿಗಾಗಿ ಎಲ್ಲ ಮತದವರ ಸಾಲು. ಮಂಗಳೂರು ಕಡೆಯವರಿಗೆ ಇದು ಹೊಸತಲ್ಲ. ಅಲ್ಲಿ ನೆವ್ರಿ, ಕಿಡಿಯೊ ತುಂಬಿದ ಕುಸ್ವಾರ್ ತಟ್ಟೆ ಕ್ರೈಸ್ತರ ಮನೆಯಿಂದ ನೆರೆಯ ಹಿಂದೂ, ಮುಸ್ಲಿಂ ಮನೆಗಳಿಗೆ ಹೋಗುತ್ತದೆ. ಅಂಗಡಿಯ ಕೇಕಿಗಿಂತ ಆ ತಟ್ಟೆಯ ರುಚಿ ಒಂದು ಕೈ ಮೇಲು ಎನ್ನಬೇಕು.

ಮಠಕ್ಕೆ ಹೋಗುವವರು ಹೌರಾದಿಂದ ಲೋಕಲ್ ರೈಲು ಹಿಡಿದರೆ ಲಿಲುವಾ ಆದಮೇಲೆ ಬೇಲೂರು ನಿಲ್ದಾಣ. ಡಿಸೆಂಬರ್‌ನಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುವುದರಿಂದ ಬೇಗ ಹೊರಡಬೇಕು. ನದಿಯ ಗಾಳಿಗೆ ಹಿರಿಯರು ಶಾಲು ಮರೆಯಬಾರದು.