ನಿಷೇಧದ ಪಟ್ಟುಗಳು ಎಲ್ಲಿಂದ ಬಂದವು?

1980ರ ಅಖಿಲ ಜಪಾನ್ ಜುಡೊ ಪಂದ್ಯ. ಎಂಡೊ ಸುಮಿಯೊ ಪಕ್ಕಕ್ಕೆ ಬಿದ್ದು, ಒಂದು ಕೈ ನೆಲಕ್ಕೂರಿ, ಯಮಶಿತಾ ಯಸುಹಿರೊ ಅವರನ್ನು ಮುಂದೊಂದು ಕಾಲು, ಹಿಂದೊಂದು ಕಾಲು ಕೊಟ್ಟು ಕತ್ತರಿ ಹಾಕಿ ಕೆಡವಿದರು. ಯಮಶಿತಾರ ಕಾಲಿನ ಕಿರುಮೂಳೆ ಮುರಿಯಿತು. ‘ಕಾನಿ ಬಸಾಮಿ’ ಎಂಬ ಆ ಪಟ್ಟು ಆಮೇಲೆ ಸ್ಪರ್ಧೆಗಳಿಂದ ಹೊರಬಿತ್ತು.

ಇಂಥ ಪಟ್ಟು ಮಂಡಿಗೂ ಅಪಾಯ. ಮಂಡಿ ಬಾಗಿಲಿನ ಕೀಲಿನಂತೆ ಮುಖ್ಯವಾಗಿ ಒಂದೇ ದಿಕ್ಕಿನಲ್ಲಿ ಮಡಚುತ್ತದೆ. ಪಾದ ಚಾಪೆಗೆ ಕಚ್ಚಿ ನಿಂತಿರುವಾಗ ಪಕ್ಕದಿಂದ ಇಡೀ ಮೈಭಾರ ಬಿದ್ದರೆ ತಡೆಯುವುದು ಮುಖ್ಯವಾಗಿ ಅಸ್ಥಿರಜ್ಜುಗಳು. ಮೊಣಕೈಯನ್ನು ನಿಧಾನವಾಗಿ ಹಿಂದಕ್ಕೆ ಬಾಗಿಸಿದರೆ ಸಾಮಾನ್ಯವಾಗಿ ನೋವು ಮೊದಲು, ಗಾಯ ಆಮೇಲೆ. ನಡುವೆ ಚಾಪೆ ತಟ್ಟಿ ಸೋಲೊಪ್ಪಿಕೊಳ್ಳಲು ಬಿಡುವಿರುತ್ತದೆ. ತಿರುಚಿದ ಮಂಡಿಗೆ ಅಷ್ಟು ಬಿಡುವಿಲ್ಲ. 1925ರ ಹೊತ್ತಿಗೆ ಜುಡೊ ಸ್ಪರ್ಧೆಯಲ್ಲಿ ಮೊಣಕೈ ಬಿಟ್ಟು ಬೇರೆ ಕೀಲುಗಳನ್ನು ತಿರುಚುವ, ಬಾಗಿಸುವ ಪಟ್ಟುಗಳೆಲ್ಲ ನಿಷೇಧವಾದವು.

ಈ ಪಟ್ಟುಗಳು ಹುಟ್ಟಿದ್ದು ಆಟಕ್ಕಾಗಿ ಅಲ್ಲ. ಕಾನೊ ಜಿಗೊರೊ 1882ರಲ್ಲಿ ಕೊಡೊಕಾನ್ ಶಾಲೆ ತೆರೆದಾಗ ಅವರ ಕೈಯಲ್ಲಿದ್ದದ್ದು ಸಮುರಾಯ್ ಕಾಲದ ಜುಜುತ್ಸು. ಎದುರಾಳಿಯನ್ನು ನಿಷ್ಕ್ರಿಯಗೊಳಿಸುವುದೇ ಅದರ ಗುರಿ. ಕಾನೊ ಅವರ ಮೊದಲ ಗುರು ಫುಕುದಾ ಹಚಿನೊಸುಕೆ ಮೂಳೆ ಕೂರಿಸುವ ವೈದ್ಯರೂ ಆಗಿದ್ದರು. ಕೀಲು ಎಲ್ಲಿ ತಪ್ಪುತ್ತದೆ ಎಂದು ಬಲ್ಲವರಿಗೇ ಅದನ್ನು ಕೂರಿಸುವುದೂ ಗೊತ್ತು. ನಮ್ಮ ಜೆಟ್ಟಿಗಳೂ ಹೀಗೇ. ಮಲ್ಲವಿದ್ಯೆ ಅವರ ಕುಲವೃತ್ತಿ, ಉಳುಕು ತಿಕ್ಕಿ ಸರಿಪಡಿಸುವುದರಲ್ಲೂ ಹೆಸರಾದವರು.

ವಿಜಯದಶಮಿಯಂದು ಮೈಸೂರು ಅರಮನೆಯಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನೇ ನೋಡಿ. ತಲೆ ಬೋಳಿಸಿಕೊಂಡ ಇಬ್ಬರು ಜೆಟ್ಟಿಗಳು, ಬೆರಳಿಗೆ ತೊಟ್ಟ ಮೊನಚು ಆಯುಧ, ತಲೆಯಲ್ಲಿ ರಕ್ತ ಚಿಮ್ಮಿದ ಕ್ಷಣವೇ ಕಾಳಗ ನಿಲುಗಡೆ. ಕೆಲವೊಮ್ಮೆ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಆಯುಧ ಬಿಡಲಿಲ್ಲ, ಆಟವನ್ನು ಬೇಗ ನಿಲ್ಲಿಸಿದರು. ಜುಡೊ ಆಟವನ್ನು ಮುಂದುವರಿಸಿ, ಪಟ್ಟನ್ನು ಕೈಬಿಟ್ಟಿತು. ಎರಡೂ ಸಂಪ್ರದಾಯಗಳು ಅಪಾಯವನ್ನು ಚೆನ್ನಾಗಿ ಅರಿತೇ ಗೆರೆ ಎಳೆದಿವೆ ಎಂಬುದು ನನ್ನ ನಂಬಿಕೆ.

ಜುಡೊದಲ್ಲಿ ನಿಷೇಧವಾದ ಇನ್ನೊಂದು ಪಟ್ಟು ‘ಕವಾಜು ಗಾಕೆ’ಯದು ಬೇರೆ ಕಥೆ. 12ನೇ ಶತಮಾನದ ಕವಾಜು ಎಂಬ ಯೋಧನಿಂದ ಬಂತೆಂದು ಹೇಳುವ ಈ ಪಟ್ಟಿನಲ್ಲಿ ಎದುರಾಳಿಯ ಕಾಲಿಗೆ ಕಾಲು ಹೆಣೆದು ಇಬ್ಬರೂ ಹಿಂದಕ್ಕೆ ಬೀಳಬೇಕು. ಸಿಕ್ಕಿಕೊಂಡ ಮಂಡಿಗೆ ಬಿಡಿಸಿಕೊಳ್ಳಲು ದಾರಿಯಿಲ್ಲ. ಸುಮೊದಲ್ಲಿ ಇದು ಇಂದಿಗೂ ಸಿಂಧು.

ಕೊಡೊಕಾನ್‌ನ ಎಸೆತಗಳ ಪಟ್ಟಿಯಲ್ಲಿ ಕಾನಿ ಬಸಾಮಿ, ಕವಾಜು ಗಾಕೆ ಎರಡೂ ಈಗಲೂ ಇವೆ. ಸ್ಪರ್ಧೆಯಲ್ಲಿ ಪ್ರಯೋಗಿಸಿದರೆ ನೇರ ಅನರ್ಹತೆ. ಮೊಬೈಲಿನಲ್ಲಿ ಇವನ್ನು ನೋಡಿದ ಮಕ್ಕಳು ಹರಿಹರಪುರದಲ್ಲೋ ಕೊಪ್ಪದಲ್ಲೋ ಶಾಲೆಯ ಮೈದಾನದಲ್ಲಿ ಒಬ್ಬರ ಮೇಲೊಬ್ಬರು ಪ್ರಯತ್ನಿಸುವ ಮುಂಚೆ, ವ್ಯಾಯಾಮ ಶಿಕ್ಷಕರು ಕರೆದು ಕೂರಿಸಿ, ಮಂಡಿಯ ಒಳಗೆ ಏನಿದೆ ಎಂಬುದನ್ನು ಚಿತ್ರ ಬರೆದು ತೋರಿಸಲಿ.