ಎಸ್‌ಜಿಪಿಟಿ ಏರಿದೆಯಂತೆ!

ರಕ್ತಪರೀಕ್ಷೆಯ ವರದಿಯಲ್ಲಿ ಎಸ್‌ಜಿಪಿಟಿ 72 ಎಂದು ದಪ್ಪಕ್ಷರದಲ್ಲಿದೆ. ಪಕ್ಕದಲ್ಲಿ ಮಿತಿ 40. ವೈದ್ಯರನ್ನು ಕಾಣುವ ಮೊದಲೇ ಮನೆಯಲ್ಲಿ ‘ಲಿವರ್ ಹೋಯ್ತು’ ಎಂಬ ಗಾಬರಿ. ಆದರೆ ಲಿವರ್ ಎಷ್ಟು ಚೆನ್ನಾಗಿ ದುಡಿಯುತ್ತಿದೆ ಎಂಬುದನ್ನು ಈ ಸಂಖ್ಯೆ ಹೇಳುವುದೇ ಇಲ್ಲ.

ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಜೀವಕೋಶದ ಒಳಗಿರಬೇಕಾದ ಕಿಣ್ವಗಳು. ಕೋಶಕ್ಕೆ ಪೆಟ್ಟಾದರೆ ರಕ್ತಕ್ಕೆ ಸೋರುತ್ತವೆ. ಎಸ್‌ಜಿಪಿಟಿ ಬಹುಪಾಲು ಲಿವರಿನದೇ. ಎಸ್‌ಜಿಒಟಿ ಹೃದಯ, ಸ್ನಾಯು, ಕೆಂಪು ರಕ್ತಕಣಗಳಲ್ಲೂ ಉಂಟು. 1954ರಲ್ಲಿ ನ್ಯೂಯಾರ್ಕಿನ ಲಡೂ, ರೊಬ್ಲೆವ್‌ಸ್ಕಿ ಮತ್ತು ಕಾರ್ಮೆನ್ ರಕ್ತದಲ್ಲಿ ಎಸ್‌ಜಿಒಟಿ ಏರುವುದನ್ನು ತೋರಿಸಿದ್ದು ಹೃದಯಾಘಾತವಾದವರಲ್ಲಿ! ಜಿಮ್‌ನಲ್ಲಿ ವಿಪರೀತ ದಣಿದವರಲ್ಲೂ ಇದು ಏರಬಹುದು. ಆಗ ಲಿವರ್ ನಿರಪರಾಧಿ.

ಎಷ್ಟು ಏರಿದೆ, ಯಾವುದು ಮುಂದಿದೆ ಎಂಬುದರಲ್ಲಿ ಸುಳಿವಿದೆ. ಮಿತಿಗಿಂತ ತುಸುವೇ ಹೆಚ್ಚಿದ್ದು, ಹೊಟ್ಟೆ ಮುಂದೆ ಬಂದಿದ್ದು, ಸಕ್ಕರೆ ಕಾಯಿಲೆಯೂ ಇದ್ದರೆ ಮೊದಲ ಅನುಮಾನ ಫ್ಯಾಟಿ ಲಿವರ್ ಮೇಲೆ. ಎಸ್‌ಜಿಒಟಿಯು ಎಸ್‌ಜಿಪಿಟಿಯ ಎರಡು ಪಟ್ಟು ದಾಟಿದ್ದರೆ ವೈದ್ಯರು ಕುಡಿತದ ಬಗ್ಗೆ ಕೇಳುತ್ತಾರೆ, ಮುಚ್ಚಿಡಬಾರದು. ಡೆಂಗಿಯಲ್ಲೂ ಸಾಮಾನ್ಯವಾಗಿ ಎಸ್‌ಜಿಒಟಿಯೇ ಮುಂದು. ಅಂಕಿ ಸಾವಿರ ದಾಟಿದರೆ ಮಾತ್ರ ಕತೆ ಬೇರೆ: ಹೆಪಟೈಟಿಸ್ ವೈರಸ್, ಅತಿಯಾಗಿ ನುಂಗಿದ ಪ್ಯಾರಾಸಿಟಮಾಲ್, ಇಲ್ಲವೇ ಲಿವರಿಗೆ ರಕ್ತವೇ ಸಾಲದ ಸ್ಥಿತಿ.

ಈ ಕಿಣ್ವಗಳನ್ನು ಏರಿಸುವ ಔಷಧಿಗಳ ಪಟ್ಟಿಯೂ ಉದ್ದ. ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್, ಪಿರಾಜಿನಮೈಡ್ ಇದರಲ್ಲಿ ಹೆಸರುವಾಸಿ. ‘ಗಿಡಮೂಲಿಕೆ ತಾನೇ, ಏನೂ ಆಗಲ್ಲ’ ಎನ್ನುವವರಿಗೊಂದು ಮಾತು: ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಲಿವರಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆದರೂ ಕಷಾಯವನ್ನು ಅನುಮಾನದಿಂದ ಹೊರಗಿಡುವುದು ಜಾಣತನವಲ್ಲ.

ಇನ್ನೊಂದು ವಿಚಿತ್ರವಿದೆ. ಲಿವರ್ ಗಟ್ಟಿಯಾಗುವ ಸಿರೋಸಿಸ್ ಬಲಿತವರಲ್ಲಿ ಈ ಕಿಣ್ವಗಳು ಮಿತಿಯೊಳಗೇ ಇರಬಹುದು. ಸೋರಲು ಆರೋಗ್ಯವಂತ ಕೋಶಗಳೇ ಹೆಚ್ಚು ಉಳಿದಿರುವುದಿಲ್ಲ. ಲಿವರಿನ ದುಡಿಮೆಯನ್ನು ತಿಳಿಯಲು ಆಲ್ಬುಮಿನ್, ಬಿಲಿರುಬಿನ್, ರಕ್ತ ಹೆಪ್ಪುಗಟ್ಟುವ ಅವಧಿಯನ್ನು ನೋಡಬೇಕು.

ಅಂಕಿ ಸ್ವಲ್ಪವೇ ಏರಿದ್ದರೆ ವೈದ್ಯರು ಸಾಮಾನ್ಯವಾಗಿ ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷಿಸುತ್ತಾರೆ. ಅಷ್ಟರಲ್ಲಿ ‘ಲಿವರ್ ಟಾನಿಕ್’ ಕೊಂಡು ಕುಡಿಯಬೇಡಿ, ಕ್ಷಯದ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ನುಂಗುತ್ತಿರುವ ಮಾತ್ರೆ, ಪುಡಿ, ಕಷಾಯ ಎಲ್ಲವನ್ನೂ ಒಂದು ಚೀಟಿಯಲ್ಲಿ ಬರೆದು ವೈದ್ಯರಿಗೆ ತೋರಿಸಿ. ಕಣ್ಣು ಹಳದಿಯಾದರೆ, ಹೊಟ್ಟೆ ಊದಿದರೆ, ಮಾತು ತೊದಲಿ ಮಂಕು ಕವಿದರೆ ಮಾತ್ರ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ.